ಕಣ್ಣು ಕ್ಯಾಮೆರಾದ ಮೇಲೆ, ಕೈ ಜೇಬಿನ ಮೇಲೆ

ತೀರ್ಥಹಳ್ಳಿ ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರು ನಿವೃತ್ತರಾದರು. ಬಂದ ಹಣದಲ್ಲಿ ಮನೆಯ ಮಾಡು ರಿಪೇರಿಯಾಯಿತು, ಬ್ಯಾಂಕಿಗೆ ಹೋಗಬೇಕಾದದ್ದು ಹೋಯಿತು. ಉಳಿದದ್ದರಲ್ಲಿ 70 ಸಾವಿರ ರೂಪಾಯಿಯನ್ನು ಅವರು ಯಾರ ಮಾತನ್ನೂ ಕೇಳದೆ ಬೇರೆ ಎತ್ತಿಟ್ಟರು. ಅದು ಕ್ಯಾಮೆರಾದ ದುಡ್ಡು. ತೋಟದ ಅಂಚಿಗೆ ಬರುವ ಹಕ್ಕಿಗಳು, ರಾತ್ರಿಯ ಯಕ್ಷಗಾನ, ರಜೆಗೆ ಬರುವ ಮೊಮ್ಮಗಳು ಇವನ್ನೆಲ್ಲ ಚೆನ್ನಾಗಿ ಸೆರೆಹಿಡಿಯಬೇಕೆಂಬುದು ಅವರ ಬಹುಕಾಲದ ಆಸೆ.

ಶಿವಮೊಗ್ಗದ ಅಂಗಡಿಯಲ್ಲಿ ಹುಡುಗ ಕೇಳಿದ ಮೊದಲ ಪ್ರಶ್ನೆ: "ಎಷ್ಟು ಮೆಗಾಪಿಕ್ಸೆಲ್ ಬೇಕು ಸಾರ್?"

"ಜಾಸ್ತಿ ಇದ್ದಷ್ಟೂ ಒಳ್ಳೇದಲ್ವೇನಪ್ಪ?" ಎಂದರು ಮೇಷ್ಟ್ರು.

ಹುಡುಗ ಖುಷಿಯಿಂದ ಮೂರು ಡಬ್ಬ ತೆಗೆದು ಮೇಜಿನ ಮೇಲಿಟ್ಟ. ಮೇಷ್ಟ್ರು ಮೂರನ್ನೂ ಮುಟ್ಟಿ, ತಿರುಗಿಸಿ ನೋಡಿದರು. ಬೆಲೆ ಕೇಳಿದರು. "ಯೋಚನೆ ಮಾಡಿ ಬರ್ತೀನಿ" ಎಂದು ಹೇಳಿ ಬಸ್ಸು ಹತ್ತಿದರು. ಆ ದಿನ ಅವರು ಮಾಡಿದ ಅತ್ಯಂತ ಲಾಭದ ಕೆಲಸವೆಂದರೆ ಅದೇ.

ಏಕೆಂದರೆ ಡಿಜಿಟಲ್ ಕ್ಯಾಮೆರಾ ಕೊಳ್ಳುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಮೆಗಾಪಿಕ್ಸೆಲ್ಲಿನದಲ್ಲ. ಬೆಂಗಳೂರಿನಲ್ಲಿರುವ ಅವರ ತಂಗಿಯ ಮಗ ಅಂದು ರಾತ್ರಿ ಫೋನಿನಲ್ಲಿ ಸರಿಯಾಗಿಯೇ ಕೇಳಿದ: "ಮಾವ, ನೀವು ಏನನ್ನ ತೆಗೀಬೇಕು, ತೆಗೆದದ್ದನ್ನ ಏನು ಮಾಡ್ತೀರಿ, ಅದನ್ನ ಮೊದಲು ಹೇಳಿ. ಕ್ಯಾಮೆರಾ ಯಾವುದು ಅಂತ ಆಮೇಲೆ ನೋಡೋಣ."

ಟೇಪಿನಲ್ಲಿ ಮೂಡಿದ ಚಿತ್ರ

ಮೇಷ್ಟ್ರ ಮನೆಯ ಕಪಾಟಿನಲ್ಲಿ ಇಂದಿಗೂ ಒಂದು ಆಗ್ಫಾ ಕ್ಲಿಕ್-3 ಕ್ಯಾಮೆರಾ ಇದೆ. ನಮ್ಮ ದೇಶದ ಅಸಂಖ್ಯ ಮನೆಗಳ ಮೊದಲ ಕ್ಯಾಮೆರಾ ಅದು. ಒಂದು ರೋಲಿಗೆ 12 ಚಿತ್ರ. ರೋಲಿಗೆ ದುಡ್ಡು, ತೊಳೆಸುವುದಕ್ಕೆ ದುಡ್ಡು, ಪ್ರಿಂಟಿಗೆ ದುಡ್ಡು. ಹೀಗಾಗಿ ಗುಂಡಿ ಒತ್ತುವ ಮೊದಲು ಎಲ್ಲರೂ ನೆಟ್ಟಗೆ ನಿಂತಿದ್ದಾರೆಯೇ, ಸೂರ್ಯ ಯಾವ ಕಡೆಗಿದ್ದಾನೆ ಎಂದು ಎರಡೆರಡು ಸಲ ನೋಡಲೇಬೇಕಿತ್ತು.

ಆ ರೋಲನ್ನು ಇತಿಹಾಸಕ್ಕೆ ಸೇರಿಸಿದ ಯಂತ್ರ ಹುಟ್ಟಿದ್ದು ರೋಲು ಮಾರುವ ಕಂಪನಿಯಲ್ಲೇ ಎಂಬುದು ವಿಚಿತ್ರ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಜೋಡಿಸಿದ. ಅದರ ತೂಕ ಮೂರೂವರೆ ಕಿಲೋಗೂ ಹೆಚ್ಚು. ಚಿತ್ರ ಕಪ್ಪು-ಬಿಳುಪು. ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10 ಸಾವಿರ ಚುಕ್ಕಿಗಳು. ಒಂದು ಚಿತ್ರ ಕ್ಯಾಸೆಟ್ ಟೇಪಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಫಿಲ್ಮಿನ ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದ ಕಾಲವದು. ಕಂಪನಿ ಆ ಹೊಸ ದಾರಿಯಲ್ಲಿ ಮೊದಲು ಓಡಲಿಲ್ಲ. ಬೇರೆಯವರು ಓಡಿದರು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿಯಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಡಿಜಿಟಲ್ ಕ್ಯಾಮೆರಾಗಳಿಗೂ ಮುಂದೆ ಅದೇ ಗತಿ ಎದುರಾಯಿತು. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿನ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ರ ಹೊತ್ತಿಗೆ ಆ ಸಂಖ್ಯೆ 90 ಲಕ್ಷಕ್ಕಿಂತ ಕೆಳಗಿಳಿದಿತ್ತು. ನಡುವೆ ಬಂದದ್ದು ಜೇಬಿನ ಫೋನು. ಆದ್ದರಿಂದ ಇಂದು ಕ್ಯಾಮೆರಾ ಕೊಳ್ಳಲು ಹೊರಟವರು ಫೋನು ಏನು ಮಾಡಲಾರದು ಎಂಬುದನ್ನು ಮೊದಲು ತಿಳಿದಿರಬೇಕು.

ಅಂಗಳದ ಪಾತ್ರೆಗಳು

ಅದನ್ನು ತಿಳಿಯಲು ಕ್ಯಾಮೆರಾದ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು. ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆ ಇರುತ್ತದೆ. ಮಳೆಗಾಲದಲ್ಲಿ ಅಂಗಳದ ತುಂಬ ಸಾಲಾಗಿ ಪಾತ್ರೆಗಳನ್ನು ಇಟ್ಟಂತೆ ಅದರ ಮೇಲೆ ಲಕ್ಷಾಂತರ ಪುಟ್ಟ ಕೋಶಗಳು. ಬೀಳುವ ಬೆಳಕೇ ಮಳೆ. ಯಾವ ಪಾತ್ರೆಯಲ್ಲಿ ಎಷ್ಟು ನೀರು ತುಂಬಿತೆಂದು ಅಳೆದು ಬರೆದುಕೊಂಡರೆ ಅದೇ ಚಿತ್ರ. ಹೆಚ್ಚು ತುಂಬಿದ ಕಡೆ ಬಿಳಿ, ಖಾಲಿ ಉಳಿದ ಕಡೆ ಕಪ್ಪು.

ಬಣ್ಣ ಎಲ್ಲಿಂದ ಬಂತು? ಈ ಪಾತ್ರೆಗಳಿಗೆ ಬಣ್ಣ ತಿಳಿಯದು, ಬೆಳಕಿನ ಪ್ರಮಾಣ ಮಾತ್ರ ಗೊತ್ತು. ಆದ್ದರಿಂದ ಒಂದೊಂದರ ಬಾಯಿಗೂ ಕೆಂಪು, ಹಸಿರು ಅಥವಾ ನೀಲಿ ಸೋಸುಗವನ್ನು ಹೊದಿಸಿರುತ್ತಾರೆ. ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮವಾದ್ದರಿಂದ ಈ ಹಂಚಿಕೆ. 1976ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಬ್ರೈಸ್ ಬೇಯರ್ ಕೂಡ ಕೊಡಾಕ್ ಕಂಪನಿಯವನೇ. ಒಂದೊಂದು ಚುಕ್ಕಿಯಲ್ಲೂ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಕ್ಯಾಮೆರಾದೊಳಗಿನ ಗಣಕ ಅಂದಾಜು ಮಾಡಿ ತುಂಬುತ್ತದೆ.

ಇಂಥ ಹತ್ತು ಲಕ್ಷ ಪಾತ್ರೆಗಳಿಗೆ ಒಂದು ಮೆಗಾಪಿಕ್ಸೆಲ್ ಎಂದು ಹೆಸರು. ಇನ್ನು ಅಂಗಡಿಯ ಹುಡುಗನ ಪ್ರಶ್ನೆಗೆ ಉತ್ತರ ಕಷ್ಟವಿಲ್ಲ.

ಆಲ್ಬಮ್ಮಿಗೆ ಅಂಟಿಸುವ 4 ಇಂಚು, 6 ಇಂಚಿನ ಪ್ರಿಂಟನ್ನೇ ತೆಗೆದುಕೊಳ್ಳಿ. ಇಂಚಿಗೆ 300 ಚುಕ್ಕಿಗಳಿದ್ದರೆ ಪ್ರಿಂಟು ಕಣ್ಣಿಗೆ ನುಣುಪಾಗಿ ಕಾಣುತ್ತದೆ. 1200 ಗುಣಿಸು 1800 ಎಂದರೆ 21 ಲಕ್ಷ 60 ಸಾವಿರ ಚುಕ್ಕಿ. ಎರಡು ಮೆಗಾಪಿಕ್ಸೆಲ್ಲಿಗೆ ತುಸು ಹೆಚ್ಚು, ಅಷ್ಟೇ! ಎ-4 ಹಾಳೆಯಷ್ಟು ದೊಡ್ಡ ಪ್ರಿಂಟಿಗೂ 9 ಮೆಗಾಪಿಕ್ಸೆಲ್ ಒಳಗೇ ಮುಗಿಯುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಿಂದ 20 ಇಂಚು ಅಗಲದ ಪ್ರಿಂಟು ಹಾಕಿಸಿ ಜಗಲಿಯ ಗೋಡೆಗೆ ತೂಗುಹಾಕಬಹುದು. ಹೆಚ್ಚಿನ ಚುಕ್ಕಿಗಳಿಂದ ಒಂದು ಉಪಯೋಗ ಉಂಟು: ದೂರದ ಹಕ್ಕಿಯ ಸುತ್ತಲಿನ ಬೇಡದ ಭಾಗವನ್ನು ಕತ್ತರಿಸಿ ಹಾಕಿದರೂ ಉಳಿದದ್ದು ಪ್ರಿಂಟಿಗೆ ಸಾಲುತ್ತದೆ. ಆದರೆ ಚಿತ್ರದ ಅಗಲ, ಎತ್ತರ ಎರಡೂ ಇಮ್ಮಡಿಯಾಗಬೇಕಾದರೆ ಮೆಗಾಪಿಕ್ಸೆಲ್ ನಾಲ್ಮಡಿಯಾಗಬೇಕು. 20ರಿಂದ 24ಕ್ಕೆ ಏರಿದರೆ ಬರಿಗಣ್ಣಿಗೆ ತಿಳಿಯುವಂಥ ಲಾಭವಿಲ್ಲ.

ಹಾಗಾದರೆ 200 ಮೆಗಾಪಿಕ್ಸೆಲ್ ಫೋನು? ಅದು ಸಾಮಾನ್ಯವಾಗಿ 16 ಪುಟ್ಟ ಚುಕ್ಕಿಗಳ ಬೆಳಕನ್ನು ಒಟ್ಟುಗೂಡಿಸಿ ಒಂದು ಚುಕ್ಕಿ ಮಾಡುತ್ತದೆ. ಕೈಗೆ ಬರುವ ಚಿತ್ರ ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನದು. ಚಮಚ ಗಾತ್ರದ ಪಾತ್ರೆಗಳನ್ನು ಎಷ್ಟೇ ಇಟ್ಟರೂ ಅಂಗಳ ಇರುವಷ್ಟೇ ಇರುತ್ತದೆ ತಾನೆ?

ಅಂಗಳ ಎಷ್ಟು ದೊಡ್ಡದು?

ಕೇಳಬೇಕಾದ ನಿಜವಾದ ಪ್ರಶ್ನೆ ಇದು. ಅಂಗಳ ದೊಡ್ಡದಿದ್ದರೆ ಹೆಚ್ಚು ಮಳೆ ಸಿಗುತ್ತದೆ, ಅಂದರೆ ಹೆಚ್ಚು ಬೆಳಕು. 'ಫುಲ್ ಫ್ರೇಮ್' ಎಂದು ಕರೆಯುವ ಸೆನ್ಸರಿನ ಅಳತೆ 36 ಮಿ.ಮೀ., 24 ಮಿ.ಮೀ. ಇದು ಹಳೆಯ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ಅಳತೆಯೇ. ಮಧ್ಯಮ ದರ್ಜೆಯ ಹೆಚ್ಚಿನ ಕ್ಯಾಮೆರಾಗಳಲ್ಲಿರುವ 'ಎಪಿಎಸ್-ಸಿ' ಸೆನ್ಸರು ಸುಮಾರು 23.5 ಮಿ.ಮೀ., 15.6 ಮಿ.ಮೀ. ಭಾರೀ ಜೂಮ್ ಇದೆಯೆಂದು ಹೆಸರಾದ ಬಹುತೇಕ 'ಬ್ರಿಜ್' ಕ್ಯಾಮೆರಾಗಳಲ್ಲಿ ಇರುವುದು ಸುಮಾರು 6.2 ಮಿ.ಮೀ., 4.6 ಮಿ.ಮೀ.ನ ಚೂರು. ಕಡಲೆಬೇಳೆಗಿಂತ ಅಷ್ಟೇನೂ ದೊಡ್ಡದಲ್ಲ. ವಿಸ್ತೀರ್ಣದ ಲೆಕ್ಕ ಹಾಕಿದರೆ ಫುಲ್ ಫ್ರೇಮ್ ಅದರ ಮೂವತ್ತು ಪಟ್ಟು, ಎಪಿಎಸ್-ಸಿ ಹದಿಮೂರು ಪಟ್ಟು.

ಮಟಮಟ ಮಧ್ಯಾಹ್ನ ಗದ್ದೆಯ ಬದುವಿನಲ್ಲಿ ನಿಂತು ತೆಗೆದರೆ ಮೂರರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ಗುರುತಿಸುವುದು ಕಷ್ಟ. ಬೆಳಕು ಧಾರಾಳವಾಗಿದ್ದಾಗ ಸಣ್ಣ ಪಾತ್ರೆಯೂ ತುಂಬುತ್ತದೆ. ವ್ಯತ್ಯಾಸ ಬರುವುದು ಮುಂಜಾವದ ಮಬ್ಬಿನಲ್ಲಿ, ಅಡಿಕೆ ತೋಟದ ನೆರಳಿನಲ್ಲಿ, ರಾತ್ರಿಯ ರಂಗಸ್ಥಳದ ಮುಂದೆ. ಆಗ ಸಣ್ಣ ಸೆನ್ಸರಿನ ಚಿತ್ರದಲ್ಲಿ ರವೆ ಚೆಲ್ಲಿದಂಥ ಕಾಳುಗಳು ಕಾಣತೊಡಗುತ್ತವೆ.

ಫೋನು ಈ ಕೊರತೆಯನ್ನು ಉಪಾಯದಿಂದ ತುಂಬಿಕೊಳ್ಳುತ್ತದೆ. ಒಂದೇ ಗಳಿಗೆಯಲ್ಲಿ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ಕಾಳುಗಳನ್ನು ಅಳಿಸುತ್ತದೆ. ನಿಂತ ಮನುಷ್ಯ, ಮನೆ, ಬೆಟ್ಟ, ದೀಪಾಲಂಕಾರ ಇವಕ್ಕೆಲ್ಲ ಅದು ಚೆನ್ನಾಗಿ ಒಪ್ಪುತ್ತದೆ. ನಿಮ್ಮ ಚಿತ್ರಗಳೆಲ್ಲ ಇಂಥವೇ ಆಗಿದ್ದರೆ, ನೋಡುವುದೂ ಫೋನಿನ ಪರದೆಯಲ್ಲೇ ಆಗಿದ್ದರೆ, ಬೇರೆ ಕ್ಯಾಮೆರಾ ಕೊಳ್ಳುವ ಅಗತ್ಯವೇ ಇಲ್ಲ. ಆ ದುಡ್ಡು ಉಳಿಯಿತೆಂದೇ ತಿಳಿಯಿರಿ. ಆದರೆ ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಯೂ ಧಿಗಿಣ ಹಾಕುವ ವೇಷಧಾರಿಯೂ ಹತ್ತು ಚಿತ್ರಗಳನ್ನು ಜೋಡಿಸುವವರೆಗೆ ಕಾಯುವವರಲ್ಲ. ಜತೆಗೆ, ಮೂವತ್ತು ಮೀಟರು ದೂರದ ಹಕ್ಕಿಯನ್ನು ಹತ್ತಿರ ತರಲು ಉದ್ದನೆಯ ಮಸೂರ ಬೇಕು. ಬೆರಳಷ್ಟೂ ದಪ್ಪವಿಲ್ಲದ ಫೋನಿನಲ್ಲಿ ಅದಕ್ಕೆ ಜಾಗ ಕಡಿಮೆ. ಮೇಷ್ಟ್ರಿಗೆ ಕ್ಯಾಮೆರಾ ಬೇಕೆಂಬುದು ಇಲ್ಲಿಗೆ ಇತ್ಯರ್ಥವಾಯಿತು.

ಮನೆತನ ನೋಡಿ ಸಂಬಂಧ

ಯಾವ ಬಗೆಯದು? ಬ್ರಿಜ್ ಕ್ಯಾಮೆರಾದಲ್ಲಿ ಮಸೂರ ಅಂಟಿಕೊಂಡೇ ಇರುತ್ತದೆ, ಬದಲಾಯಿಸುವಂತಿಲ್ಲ. 2018ರಲ್ಲಿ ಬಂದ ನಿಕಾನ್ ಪಿ-1000 ಇದಕ್ಕೆ ಪರಮಾವಧಿಯ ಉದಾಹರಣೆ. 24 ಮಿ.ಮೀ.ನಿಂದ 3000 ಮಿ.ಮೀ.ಗೆ ಸಮನಾದ 125 ಪಟ್ಟು ಜೂಮ್. ಚಂದ್ರನ ಕುಳಿಗಳನ್ನು ಮನೆಯಂಗಳದಿಂದಲೇ ತುಂಬು ಚೌಕಟ್ಟಿನಲ್ಲಿ ಹಿಡಿಯಬಹುದು. ಆದರೆ ಸೆನ್ಸರು ಆ ಕಡಲೆಬೇಳೆಯದೇ. ಬಯಲುಸೀಮೆಯ ಕೆರೆಯಂಗಳದಲ್ಲಿ, ಬಿಸಿಲಿನಲ್ಲಿ, ಹಕ್ಕಿಗಳ ಗುರುತಿಗಾಗಿ ಚಿತ್ರ ತೆಗೆಯುವವರಿಗೆ ಇಂಥದ್ದು ಕಡಿಮೆ ಖರ್ಚಿನ ಒಳ್ಳೆಯ ಸಂಗಾತಿ. ಮಲೆನಾಡಿನ ದಟ್ಟ ನೆರಳಿಗೆ ಅಷ್ಟಾಗಿ ಒಗ್ಗದು.

ಇನ್ನೆರಡು ಬಗೆಗಳೆಂದರೆ ಮಸೂರ ಬದಲಾಯಿಸಬಲ್ಲ ಡಿಎಸ್ಎಲ್ಆರ್ ಮತ್ತು ಮಿರರ್‌ಲೆಸ್. ಮೊದಲನೆಯದರಲ್ಲಿ ಒಂದು ಕನ್ನಡಿ ಬೆಳಕನ್ನು ಮೇಲಿನ ಕಿಂಡಿಗೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಅದು 'ಟಪ್' ಎಂದು ಮೇಲೇಳುತ್ತದೆ. ಎರಡನೆಯದರಲ್ಲಿ ಕನ್ನಡಿಯೇ ಇಲ್ಲ. ಸೆನ್ಸರು ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಹಗುರ, ಸದ್ದು ಕಡಿಮೆ, ಹಕ್ಕಿಯ ಕಣ್ಣನ್ನೇ ಹುಡುಕಿ ಫೋಕಸ್ ಮಾಡುವ ಜಾಣತನ ಹೊಸ ಮಾದರಿಗಳಲ್ಲಿದೆ. ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಬೆಲೆಯೂ ಹೆಚ್ಚು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಮಿರರ್‌ಲೆಸ್‌ಗೆಂದೇ ಹೊಸ ಮಸೂರ-ಬಾಯಿಗಳನ್ನು ತಂದ ಮೇಲೆ ತಯಾರಕರ ಗಮನವೆಲ್ಲ ಅತ್ತ ತಿರುಗಿದೆ. ಇದರಿಂದ ಜಾಣ ಗಿರಾಕಿಗೆ ಲಾಭವೂ ಆಗಿದೆ: ಹೊಸದಕ್ಕೆ ಜಿಗಿದವರು ಬಿಟ್ಟುಹೋದ ಒಳ್ಳೊಳ್ಳೆಯ ಡಿಎಸ್ಎಲ್ಆರ್‌ಗಳು, ಮಸೂರಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುತ್ತವೆ.

ಒಂದು ಎಚ್ಚರ. ಇಂಥ ಕ್ಯಾಮೆರಾ ಕೊಳ್ಳುವುದೆಂದರೆ ಒಂದು ಮನೆತನದ ಜತೆ ಸಂಬಂಧ ಬೆಳೆಸಿದಂತೆ. ಒಂದು ಕಂಪನಿಯ ಮಸೂರ ಇನ್ನೊಂದರ ಬಾಯಿಗೆ ಕೂರುವುದಿಲ್ಲ. ಅದೇ ಕಂಪನಿಯ ಹಳೆಯ ಡಿಎಸ್ಎಲ್ಆರ್ ಮಸೂರವನ್ನು ಅಡಾಪ್ಟರ್ ಹಾಕಿ ಹೊಸ ಮಿರರ್‌ಲೆಸ್‌ಗೆ ಕೂರಿಸಬಹುದು. ಹೊಸ ಮಸೂರವನ್ನು ಹಳೆಯದಕ್ಕೆ ಕೂರಿಸಲಾಗದು. ಕ್ಯಾಮೆರಾ ಐದಾರು ವರ್ಷಗಳಲ್ಲಿ ಹಳತಾಗುತ್ತದೆ, ಒಳ್ಳೆಯ ಮಸೂರ ಇಪ್ಪತ್ತು ವರ್ಷ ಬಾಳುತ್ತದೆ. ಆದ್ದರಿಂದ ಇರುವ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕ್ಯಾಮೆರಾದ ಮೈಗೆ ಸುರಿಯಬಾರದು. ಉಳಿದದ್ದು ಮಸೂರಕ್ಕೆ, ಇನ್ನೊಂದು ಬ್ಯಾಟರಿಗೆ, ಎರಡು ಮೆಮೊರಿ ಕಾರ್ಡಿಗೆ, ಚಿತ್ರಗಳನ್ನು ಕಾಪಿಡುವ ಡಿಸ್ಕಿಗೆ ಬೇಕು.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ನಾಲ್ಕು ಪರೀಕ್ಷೆಗಳನ್ನು ತಪ್ಪಿಸಬಾರದು. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ಕೇಳಬೇಕು. ಸ್ಕೂಟರ್ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳಿದ ಹಾಗೆ. ಮಸೂರವನ್ನು ಕಳಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅಂಥದ್ದು ಎಷ್ಟು ಅಗ್ಗವಾದರೂ ಬೇಡ. ಆಕಾಶವನ್ನೋ ಬಿಳಿ ಗೋಡೆಯನ್ನೋ ಎಫ್-16ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರಿನ ಮೇಲಿನ ಕೊಳೆ ಕಾಣುತ್ತದೆ. ಕೊನೆಯದು, ಸ್ವಂತ ಮೆಮೊರಿ ಕಾರ್ಡ್ ಹಾಕಿ ಹತ್ತು ಚಿತ್ರ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದ ಮೇಲೆ ದುಡ್ಡು ಕೊಡಬೇಕು. ಹೊಸದಾದರೆ ಕ್ಯಾಮೆರಾದ ಸೀರಿಯಲ್ ನಂಬರ್ ಬರೆದ ಬಿಲ್ಲು ಮತ್ತು ಭಾರತದಲ್ಲಿ ಸಲ್ಲುವ ವಾರಂಟಿ ಎರಡೂ ಕೈಗೆ ಬಂದಿರಬೇಕು. ವಿದೇಶದಿಂದ ಅಡ್ಡದಾರಿಯಲ್ಲಿ ಬಂದ ಮಾಲು ಅಗ್ಗವಾಗಿರಬಹುದು, ಕೆಟ್ಟಾಗ ಕೇಳುವವರಿಲ್ಲ.

ಮೂರು ಹಿಡಿಗಳು

ಕ್ಯಾಮೆರಾ ಮನೆಗೆ ಬಂದ ಮೇಲೆ ಹಲವರು ಅದನ್ನು 'ಆಟೋ' ಎಂಬ ಹಸಿರು ಗುರುತಿಗೆ ತಿರುಗಿಸಿ ಮತ್ತೆ ಅದನ್ನು ಮುಟ್ಟುವುದೇ ಇಲ್ಲ. ಹಾಗೆ ಮಾಡಿದರೆ ಹೊಸ ಎತ್ತನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕಿದಂತೆ. ಕಲಿಯಬೇಕಾದದ್ದು ಮೂರೇ ಹಿಡಿಗಳನ್ನು.

ಮೊದಲನೆಯದು ಅಪರ್ಚರ್. ಮಸೂರದೊಳಗಿನ ಕಿಂಡಿ ಎಷ್ಟು ತೆರೆದಿರಬೇಕು ಎಂಬುದು. 2.8, 4, 5.6, 8, 11, 16 ಎಂದು ಸಂಖ್ಯೆ ಏರಿದಂತೆ ಕಿಂಡಿ ಕಿರಿದಾಗುತ್ತದೆ, ಪ್ರತಿ ಹೆಜ್ಜೆಗೂ ಬೆಳಕು ಅರ್ಧವಾಗುತ್ತದೆ. ಕಿಂಡಿ ದೊಡ್ಡದಾದರೆ ಮೊಮ್ಮಗಳ ಮುಖ ಸ್ಪಷ್ಟ, ಹಿಂದಿನ ಬಟ್ಟೆ ಒಣಗಿಸುವ ಹಗ್ಗ ಮಂಜು. ಕಿರಿದಾದರೆ ಮುಂದಿನ ಹುಲ್ಲಿನಿಂದ ಹಿಂದಿನ ಗುಡ್ಡದವರೆಗೆ ಎಲ್ಲವೂ ಸ್ಪಷ್ಟ. ಎರಡನೆಯದು ಶಟರ್ ವೇಗ, ಅಂದರೆ ಕಿಂಡಿ ಎಷ್ಟು ಹೊತ್ತು ತೆರೆದಿರಬೇಕು ಎಂಬುದು. ಮೂರನೆಯದು ಐಎಸ್ಒ. ಬಂದ ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಎಂಬುದು. ರೇಡಿಯೋದ ವಾಲ್ಯೂಮ್ ಏರಿಸಿದಂತೆ ಇದು. ಹಾಡಿನ ಜತೆ ಗೊರಗೊರ ಸದ್ದೂ ದೊಡ್ಡದಾಗುತ್ತದೆ.

ಒಂದು ಲೆಕ್ಕ ನೋಡಿ. ತೋಟದ ನೆರಳಿನಲ್ಲಿ ಕ್ಯಾಮೆರಾ ಎಫ್-5.6, ಸೆಕೆಂಡಿನ 60ನೇ ಒಂದು ಭಾಗ, ಐಎಸ್ಒ 100 ಎಂದು ತೋರಿಸುತ್ತಿದೆ. ಕೈಯಲ್ಲಿರುವುದು 300 ಮಿ.ಮೀ. ಮಸೂರ. ಎಪಿಎಸ್-ಸಿ ಸೆನ್ಸರಿನಲ್ಲಿ ಅದರ ನೋಟ 450 ಮಿ.ಮೀ.ಗೆ ಸಮ. ಕೈ ನಡುಕ ಕಾಣದಿರಲು ಶಟರ್ ವೇಗ ಆ ಸಂಖ್ಯೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದೆಂಬುದು ಹಳೆಯ ಛಾಯಾಗ್ರಾಹಕರ ಸೂತ್ರ. ಅಂದರೆ 500ನೇ ಒಂದು ಭಾಗ ಬೇಕು. 60ರಿಂದ 125, 250, 500 ಎಂದು ಮೂರು ಹೆಜ್ಜೆ. ಅಷ್ಟು ಬೆಳಕು ಕಡಿಮೆಯಾಯಿತಲ್ಲ, ಅದನ್ನು ಐಎಸ್ಒ ತುಂಬಬೇಕು: 100ರಿಂದ 200, 400, 800. ಅಷ್ಟೇ. ನಡುಕ ತಡೆಯುವ ಸಾಧನ ಮಸೂರದಲ್ಲಿದ್ದರೆ ವೇಗವನ್ನು ಸ್ವಲ್ಪ ಇಳಿಸಬಹುದು. ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಹಕ್ಕಿಯ ಕುಣಿತವನ್ನಲ್ಲ. ಹಾರುವ ಹಕ್ಕಿಗೆ 2000ನೇ ಒಂದು ಭಾಗವೂ ಬೇಕಾದೀತು. ಕಾಳು ಕಾಳಾದ ಚಿತ್ರವನ್ನು ಆಮೇಲೆ ಒಂದಿಷ್ಟು ಸುಧಾರಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸುವುದು ಕಷ್ಟ. ಐಎಸ್ಒ ಏರಿಸಲು ಹೆದರಬೇಕಿಲ್ಲ.

ಕ್ಯಾಮೆರಾ ಮೋಸಹೋಗುವ ಸಂದರ್ಭಗಳೂ ಇವೆ. ಲೋಕವೆಲ್ಲ ಸರಾಸರಿ ಬೂದು ಬಣ್ಣದ್ದು ಎಂಬುದು ಅದರ ನಂಬಿಕೆ. ಕಪ್ಪು ಕೆಸರುಗದ್ದೆಯಲ್ಲಿ ನಿಂತ ಒಂದೇ ಒಂದು ಬೆಳ್ಳಕ್ಕಿಯನ್ನು ತೆಗೆದರೆ ಕ್ಯಾಮೆರಾ ಗದ್ದೆಯನ್ನು ನೋಡಿ 'ಕತ್ತಲೆಯಾಯಿತು' ಎಂದು ಬೆಳಕು ಹೆಚ್ಚಿಸುತ್ತದೆ. ಬೆಳ್ಳಕ್ಕಿ ಸುಣ್ಣದ ಮುದ್ದೆಯಾಗುತ್ತದೆ. ಕಿಟಕಿಯ ಮುಂದೆ ಅಜ್ಜಿಯನ್ನು ಕೂರಿಸಿದರೆ ಹೊರಗಿನ ಬೆಳಕು ನೋಡಿ ಬೆಳಕು ತಗ್ಗಿಸುತ್ತದೆ. ಅಜ್ಜಿಯ ಮುಖ ಮಸಿಯಾಗುತ್ತದೆ. ಇದಕ್ಕೆಂದೇ ಕ್ಯಾಮೆರಾದಲ್ಲಿ + ಮತ್ತು - ಗುರುತಿನ ಗುಂಡಿ ಇರುತ್ತದೆ. ಬೆಳ್ಳಕ್ಕಿಗೆ ಒಂದು ಹೆಜ್ಜೆ ಕಡಿಮೆ, ಅಜ್ಜಿಗೆ ಒಂದು ಹೆಜ್ಜೆ ಹೆಚ್ಚು. ಈ ಒಂದು ಗುಂಡಿಯ ಬಳಕೆ ತಿಳಿದರೂ ಅರ್ಧ ಛಾಯಾಗ್ರಹಣ ಕಲಿತಂತೆ.

ಯಕ್ಷಗಾನದ ಚಿತ್ರಕ್ಕೆ ಹೋಗುವವರು ಫ್ಲ್ಯಾಶನ್ನು ಮನೆಯಲ್ಲೇ ಬಿಟ್ಟುಹೋಗುವುದು ವಾಸಿ. ವೇಷಧಾರಿಯ ಕಣ್ಣು ಕುಕ್ಕುವುದಲ್ಲದೆ ಮುಖವರ್ಣಿಕೆಯ ಸೊಗಸೂ ಹೋಗುತ್ತದೆ. ರಂಗಸ್ಥಳದಲ್ಲಿ ಎಲ್ಇಡಿ ದೀಪಗಳಿದ್ದರೆ ಮಿರರ್‌ಲೆಸ್ ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಚಿತ್ರದಲ್ಲಿ ಅಡ್ಡಪಟ್ಟೆಗಳು ಬರಬಹುದು. ಆಗ ಸದ್ದು ಮಾಡುವ ಯಾಂತ್ರಿಕ ಶಟರ್‌ಗೆ ತಿರುಗಿಸಿದರೆ ಬಹಳಮಟ್ಟಿಗೆ ಸರಿಹೋಗುತ್ತದೆ.

ಇಷ್ಟಕ್ಕೂ ಯಂತ್ರ ಎಷ್ಟೇ ಜಾಣವಾದರೂ ಹಕ್ಕಿ ಯಾವ ಮರಕ್ಕೆ, ಎಷ್ಟು ಹೊತ್ತಿಗೆ ಬರುತ್ತದೆಂದು ಅದಕ್ಕೆ ಗೊತ್ತಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಹಕ್ಕಿಗಳನ್ನು ಸೆರೆಹಿಡಿಯತೊಡಗಿದ್ದು ಫಿಲ್ಮಿನ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ, ಫಲಿತಾಂಶ ತಿಳಿಯುವುದು ತೊಳೆಸಿದ ಮೇಲೆ. ಅವರ ಬಂಡವಾಳ ಕಾಯುವ ತಾಳ್ಮೆ ಮತ್ತು ಹಕ್ಕಿಯ ದಿನಚರಿಯ ಪರಿಚಯ.

ಬೂಷ್ಟು ಎಂಬ ಶತ್ರು

ಮಲೆನಾಡು, ಕರಾವಳಿಯವರಿಗೆ ಅಂಗಡಿಯವರು ಹೇಳದ ಮಾತೊಂದಿದೆ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಉಪ್ಪಿನಕಾಯಿಗೆ, ಚಪ್ಪಲಿಗೆ, ಪುಸ್ತಕಕ್ಕೆ ಬರುವ ಬೂಷ್ಟು ಮಸೂರಕ್ಕೂ ಬರುತ್ತದೆ. ಗಾಜಿನ ಮೇಲಿನ ತೆಳುವಾದ ಲೇಪವನ್ನು ಅದು ಕೊರೆದುಹಾಕಿದರೆ ಒರೆಸಿ ತೆಗೆಯಲಾಗದು.

ಬೂಷ್ಟಿಗೆ ಬೇಕಾದದ್ದು ಕತ್ತಲು, ತೇವ ಮತ್ತು ಅಲುಗದ ಗಾಳಿ. ಈ ಮೂರನ್ನೂ ನಾವೇ ಒದಗಿಸುತ್ತೇವೆ, ಚರ್ಮದ ಚೀಲದಲ್ಲಿ ಕ್ಯಾಮೆರಾ ಹಾಕಿ, ಬೀರುವಿನೊಳಗಿಟ್ಟು, ಬೀಗ ಹಾಕಿ! ಅದರ ಬದಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜತೆ ಇಡಬೇಕು. ಒಳಗೊಂದು ಪುಟ್ಟ ತೇವಮಾಪಕ ಇದ್ದರೆ ಇನ್ನೂ ಒಳ್ಳೆಯದು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸುಕ್ಷೇಮ. ತೇವ ಹೀರಿದ ಹರಳುಗಳು ಬಣ್ಣ ಬದಲಿಸುತ್ತವೆ. ಅವನ್ನು ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ. ನೀಲಿ ಬಣ್ಣದ ಹರಳುಗಳಲ್ಲಿ ವಿಷಕಾರಿ ರಾಸಾಯನಿಕ ಇರುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಸಲಹೆಯನ್ನೂ ಕೇಳಬೇಡಿ, ಹಿಟ್ಟಿನ ಧೂಳು ಒಳಸೇರುತ್ತದೆ. ಎಲ್ಲಕ್ಕಿಂತ ಅಗ್ಗದ ಮದ್ದೆಂದರೆ ವಾರಕ್ಕೊಮ್ಮೆ ಕ್ಯಾಮೆರಾ ಹೊರತೆಗೆದು ಬೆಳಕು, ಗಾಳಿ ಕಾಣಿಸಿ ನಾಲ್ಕು ಚಿತ್ರ ತೆಗೆಯುವುದು.

ಉಳಿದ ಮೂರು ಚಿತ್ರಗಳು

ಇನ್ನೊಂದು ಶತ್ರು ಕಣ್ಣಿಗೆ ಕಾಣುವುದಿಲ್ಲ. ಮೇಷ್ಟ್ರ ಮನೆಯಲ್ಲಿ 2006ರಲ್ಲಿ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಇತ್ತು. ಅವರ ತಾಯಿ ತೀರಿಕೊಳ್ಳುವ ಮೊದಲಿನ ನಾಲ್ಕು ವರ್ಷ ಅದರಲ್ಲಿ ನೂರಾರು ಚಿತ್ರ ತೆಗೆದಿದ್ದರು. ಹೂ ಕಟ್ಟುತ್ತಿದ್ದದ್ದು, ಹಪ್ಪಳ ಒಣಗಿಸುತ್ತಿದ್ದದ್ದು, ಜಗಲಿಯಲ್ಲಿ ಕೂತು ನಗುತ್ತಿದ್ದದ್ದು. ಎಲ್ಲವೂ ಕಂಪ್ಯೂಟರಿನ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಒಂದು ಮಳೆಗಾಲದಲ್ಲಿ ಡಿಸ್ಕು ಕೆಟ್ಟಿತು. ರಿಪೇರಿಯವರು ಕೈ ಚೆಲ್ಲಿದರು. ಉಳಿದದ್ದು ಯಾವಾಗಲೋ ಪ್ರಿಂಟು ಹಾಕಿಸಿದ್ದ ಮೂರು ಚಿತ್ರ. ಅದಕ್ಕೂ ನಲವತ್ತು ವರ್ಷ ಹಿಂದೆ ಆಗ್ಫಾದಲ್ಲಿ ತೆಗೆದ ಮದುವೆಯ ನೆಗೆಟಿವ್‌ಗಳು ಮಾತ್ರ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಈಗಲೂ ಇವೆ.

ಡಿಜಿಟಲ್ ಚಿತ್ರಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ. ಒಂದು ಚಿತ್ರ ಒಂದೇ ಕಡೆ ಇದ್ದರೆ ಅದು ಇಲ್ಲದಂತೆಯೇ ಎಂದು ತಿಳಿಯಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿಯಾದರೂ ಬೇರೆ ಮನೆಯಲ್ಲಿ. ಬಲ್ಲವರು ಪಾಲಿಸುವ ನಿಯಮ ಇದು. ಮನೆಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಅಂತರ್ಜಾಲದ ಸಂಗ್ರಹದಲ್ಲೋ ಬೇರೆ ಊರಿನ ನಂಟರ ಮನೆಯ ಡಿಸ್ಕಿನಲ್ಲೋ ಇನ್ನೊಂದು. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳನ್ನು ವರ್ಷಗಟ್ಟಲೆ ಡ್ರಾಯರಿನಲ್ಲಿಟ್ಟು ನಂಬಿ ಕೂರುವಂತಿಲ್ಲ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸುವ ಚಿತ್ರ ಕುಗ್ಗಿಸಿದ್ದು, ಮೂಲದ್ದಲ್ಲ. ಅಂತರ್ಜಾಲದ ಖಾತೆಯ ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗೂ ತಿಳಿದಿರಬೇಕು, ಇಲ್ಲದಿದ್ದರೆ ಯಜಮಾನರ ಜತೆಗೇ ಚಿತ್ರಗಳೂ ಹೋದವು.

ಇಷ್ಟಾದ ಮೇಲೆ ಮೇಷ್ಟ್ರು ಕೊಂಡದ್ದೇನು? ಮೂರು ತಿಂಗಳು ವಿಚಾರಿಸಿ, ಅಳಿಯನ ಜತೆ ಬೆಂಗಳೂರಿನಲ್ಲಿ ನಾಲ್ಕು ಕಡೆ ನೋಡಿ, ಒಂದು ಸೆಕೆಂಡ್‌ಹ್ಯಾಂಡ್ ಎಪಿಎಸ್-ಸಿ ಡಿಎಸ್ಎಲ್ಆರ್ ತೆಗೆದುಕೊಂಡರು. ಹಕ್ಕಿಗಳಿಗೆಂದು 70-300 ಮಿ.ಮೀ. ಮಸೂರ, ಆಟಕ್ಕೂ ಮೊಮ್ಮಗಳಿಗೂ ಎಂದು ಎಫ್-1.8ರ 50 ಮಿ.ಮೀ. ಮಸೂರ. ಉಳಿದ ಹಣದಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಎರಡು ಹಾರ್ಡ್ ಡಿಸ್ಕು. ಒಂದು ಡಿಸ್ಕು ಅಳಿಯನ ಮನೆಯಲ್ಲಿದೆ. ಊರಿಗೆ ಬಂದಾಗಲೆಲ್ಲ ಅವನು ಅದನ್ನು ತಂದು ಹೊಸ ಚಿತ್ರ ತುಂಬಿಸಿಕೊಂಡು ಹೋಗುತ್ತಾನೆ.

ಮೊದಲ ತಿಂಗಳು ತೆಗೆದದ್ದು 800 ಚಿತ್ರ. ಹೆಚ್ಚಿನವು ಅಲುಗಿದವು, ಹಕ್ಕಿ ಹಾರಿಹೋದ ಮೇಲಿನ ಬರಿಯ ಕೊಂಬೆಗಳು. ಅವನ್ನೆಲ್ಲ ಅಳಿಸಿ, ಹತ್ತನ್ನು ಆರಿಸಿ ತೀರ್ಥಹಳ್ಳಿಯ ಸ್ಟುಡಿಯೋದಲ್ಲಿ 4, 6 ಇಂಚಿಗೆ ಪ್ರಿಂಟು ಹಾಕಿಸಿದರು. ಮೆತ್ತನೆಯ ಪೆನ್ಸಿಲಿನಲ್ಲಿ ಹಿಂದೆ ತಾರೀಕು, ಜಾಗ, ಹೆಸರು ಬರೆದರು. ಅಮ್ಮನ ಮೂರು ಚಿತ್ರಗಳಿದ್ದ ಆಲ್ಬಮ್ಮಿನಲ್ಲಿ ಮುಂದಿನ ಹಾಳೆಗಳು ಖಾಲಿ ಇದ್ದವು. ಅಲ್ಲೇ ಅಂಟಿಸಿದ್ದಾರೆ.